ಎಂ87 ನೋಡಿದೆ, ಹತ್ತಿ ಉಂಡಿ ಕಂಡ್ತು. ಇದಕ್ಕಾ ಇಷ್ಟು ಸದ್ದು?

ಮಂಡಕ್ಕಿ ಮಿರ್ಚಿ (ದಾವಣಗೆರೆ)
ಏಪ್ರಿಲ್ 19, ಬೆಳಿಗ್ಗೆ 11:05

ನಿನ್ನೆ ರಾತ್ರಿ ದುರ್ಗದ ಕಲ್ಲು ಅಣ್ಣನ ಜೊತಿ ಜಗಳೂರು ದಾಟಿ ಒಂದು ಹೊಲಕ್ಕ ಹೋಗಿದ್ವಿ. ಅಣ್ಣನ ಹತ್ರ ಎಂಟಿಂಚಿನ ಡಾಬ್ಸೋನಿಯನ್ ದುರ್ಬೀನು ಐತಿ. ಅಮಾವಾಸ್ಯಿ ಮುಗಿದು ಮಾರನೇ ದಿನ, ಸುತ್ತ ಒಂದು ಲೈಟಿಲ್ಲ, ನಾಯಿ ಬೊಗಳೋದು ಬಿಟ್ರೆ ಸದ್ದಿಲ್ಲ. ಮೊದ್ಲು ಗುರು ತೋರಿಸಿದ್ರು, ಪಕ್ಕದಾಗ ನಾಲ್ಕು ಚಂದ್ರ ಸಾಲಾಗಿ. ಮಸ್ತ್ ಇತ್ತು. ಆಮೇಲೆ "ಈಗ ದೊಡ್ಡದು ತೋರಿಸ್ತೀನಿ ತಡಿ" ಅಂತ ಅರ್ಧ ತಾಸು ಹುಡುಕಿ ಎಂ87 ಅನ್ನೋ ಗೆಲಾಕ್ಸಿ ಹಿಡಿದ್ರು. 2019ರಾಗ ಪೇಪರಿನಾಗ ಉದ್ದಿನವಡಿ ಥರ ಕಪ್ಪುಕುಳಿ ಫೋಟೊ ಬಂದಿತ್ತಲ್ಲ, ಆ ಕುಳಿ ಇದರ ನಡುವ ಐತಿ ಅಂದ್ರು. ಉಸಿರು ಬಿಗಿ ಹಿಡಿದು ಕಣ್ಣಿಟ್ಟೆ.

ಹತ್ತಿ ಉಂಡಿ. ಅದೂ ಮಾಸಿದ್ದು. ನಡುವ ಸ್ವಲ್ಪ ಬೆಳ್ಳಗ, ಅಂಚು ಎಲ್ಲಿ ಮುಗೀತು ಅಂತಾನೇ ಗೊತ್ತಾಗಲ್ಲ.

ಸುರುಳಿ ಇಲ್ಲ, ತೋಳಿಲ್ಲ, ಬಣ್ಣ ಇಲ್ಲ. ದೈತ್ಯ ಗೆಲಾಕ್ಸಿ ಅಂತಾರ. ಐವತ್ತು ಕಿಲೋಮೀಟರ್ ಬೈಕ್ ಓಡಿಸಿದ್ದಕ್ಕ ಬೇಜಾರಿಲ್ಲ, ಆದ್ರ ಇದರಾಗ ನೋಡೋದು ಏನೈತಿ ಅಂತ ತಿಳಿದೋರು ಹೇಳ್ರಿ.

ದುರ್ಗದ ಕಲ್ಲು (ಚಿತ್ರದುರ್ಗ)
ಏಪ್ರಿಲ್ 19, ಮಧ್ಯಾಹ್ನ 12:40

ಲೋ ತಮ್ಮಾ, ರಾತ್ರಿ ಹೊಲದಲ್ಲಿ "ಸೂಪರ್ ಅಣ್ಣಾ" ಅಂದೋನು ಬೆಳಿಗ್ಗೆ ಇಲ್ಲಿ ಬಂದು ಹತ್ತಿ ಉಂಡೆ ಅಂತೀಯ. ಇರ್ಲಿ.

ಮೊದ್ಲು ಉಳಿದೋರಿಗೆ ಜಾಗ ಹೇಳ್ತೀನಿ. ಉತ್ತರೆ ಮಳೆ ಎಲ್ಲರಿಗೂ ಗೊತ್ತು. ಆ ಉತ್ತರೆ ನಕ್ಷತ್ರ ಅಂದ್ರೆ ಸಿಂಹದ ಬಾಲದ ತುದಿ. ಅದು ದಿನಕ್ಕೊಂದು ಸಲ ಸರಿಯಾಗಿ ದಾವಣಗೆರೆಯ ನೆತ್ತಿ ಮೇಲೇ ಹಾದು ಹೋಗುತ್ತೆ, ಊರಿನ ಅಕ್ಷಾಂಶ ಹಂಗೈತೆ. ಅಲ್ಲಿಂದ ಪೂರ್ವಕ್ಕೆ, ಕನ್ಯಾ ರಾಶಿಯ ವಿಂಡೆಮಿಯಾಟ್ರಿಕ್ಸ್ ಅನ್ನೋ ನಕ್ಷತ್ರಕ್ಕೆ ಗೆರೆ ಎಳೆದ್ರೆ ಹೆಚ್ಚುಕಮ್ಮಿ ನಡುಮಧ್ಯ ಎಂ87. ಅದೂ ನೆತ್ತಿಯಿಂದ ಎರಡೇ ಡಿಗ್ರಿ ಆಚೆ. ನೆತ್ತಿ ಮೇಲಿರೋದನ್ನ ಡಾಬ್ಸೋನಿಯನ್‌ನಲ್ಲಿ ಹಿಡಿಯೋದು ಅಂದ್ರೆ ಬಾವಿಗೆ ಬಿದ್ದ ಕೊಡ ತೆಗೆದಂಗೆ, ಎತ್ತ ತಿರುಗಿಸಿದ್ರೂ ಜಾರುತ್ತೆ. ಅರ್ಧ ತಾಸು ಆಗಿದ್ದು ಅದಕ್ಕೇ, ನನಗೆ ಬರಲ್ಲ ಅಂತಲ್ಲ.

ಈಗ ನಿನ್ನ ಉಂಡೆ. ನೀನು ಕಂಡ ಬೆಳಕು ಅಲ್ಲಿಂದ ಹೊರಟು ಸುಮಾರು 5.4 ಕೋಟಿ ವರ್ಷ ಆಗೈತೆ. ಆವಾಗ ಭಾರತದ ನೆಲ ಏಷ್ಯಾಕ್ಕೆ ಗುದ್ದೋ ಕಾಲ, ಈಗಿನ ಹಿಮಾಲಯ ಎದ್ದೇ ಇರಲಿಲ್ಲ. 1781ರಲ್ಲಿ ಫ್ರಾನ್ಸಿನ ಖಗೋಳದೋನು ಮೆಸಿಯೆ ಕಂಡಿದ್ದೂ ಉಂಡೆನೇ. ಧೂಮಕೇತು ಅಂದ್ಕೊಂಡು ಯಾರೂ ಮೋಸ ಹೋಗ್ಬಾರ್ದು ಅಂತ ಪಟ್ಟಿಗೆ ಬರ್ಕೊಂಡ. ಆಮೇಲೆ 1918ರಲ್ಲಿ ಅಮೆರಿಕದ ಲಿಕ್ ವೀಕ್ಷಣಾಲಯದಲ್ಲಿ ಹೀಬರ್ ಕರ್ಟಿಸ್ ಫೋಟೊ ತೆಗೆದಾಗ ಉಂಡೆಯ ನಡುವಿಂದ ಒಂದು ನೆಟ್ಟಗಿನ ಗೀರು ಹೊರಟಿದ್ದು ಕಾಣ್ತು. ಏನು ಅಂತ ಅವನಿಗೂ ತಿಳೀಲಿಲ್ಲ. ಅದೇ ಜೆಟ್, ಅಂದ್ರೆ ನಡುವಿನ ಕಪ್ಪುಕುಳಿ ಹೊರಕ್ಕೆ ಚಿಮ್ಮಿಸೋ ಧಾರೆ. 5,000 ಬೆಳಕಿನ ವರ್ಷ ಉದ್ದ. ಅದನ್ನ ಚಿಮ್ಮಿಸ್ತಿರೋ ಕುಳಿಯ ತೂಕ 650 ಕೋಟಿ ಸೂರ್ಯರಷ್ಟು.

ರಾಕೆಟ್ ರಾಜ (ಹರಪನಹಳ್ಳಿ ರಸ್ತೆ)
ಏಪ್ರಿಲ್ 19, ಮಧ್ಯಾಹ್ನ 1:15

ಎಂ87 ಎಲ್ಲಾ ಏನೂ ಅಲ್ಲ ಬ್ರೋ. ಐಸಿ 1101 ನೋಡಿ. 60 ಲಕ್ಷ ಬೆಳಕಿನ ವರ್ಷ ಅಗಲ, ವಿಶ್ವದಲ್ಲೇ ದೊಡ್ಡ ಗೆಲಾಕ್ಸಿ. ರೀಲ್ಸ್‌ನಲ್ಲಿ ನಮ್ಮ ಗೆಲಾಕ್ಸಿನ ಅದರ ಪಕ್ಕ ಇಟ್ಟು ತೋರಿಸ್ತಾರೆ, ಸಾಸಿವೆ ಕಾಳು ಥರ ಕಾಣುತ್ತೆ 🔥

ಪಿಯು ಮೇಷ್ಟ್ರು (ದಾವಣಗೆರೆ, ನಿವೃತ್ತ)
ಏಪ್ರಿಲ್ 19, ಸಂಜೆ 5:30

ಮಂಡಕ್ಕಿಯವರ ಪ್ರಶ್ನೆಯೇ ಸರಿಯಾದ ಪ್ರಶ್ನೆ. ನೋಡಲು ಏನೂ ಇಲ್ಲ ಎನ್ನುವುದೇ ಈ ಜಾತಿಯ ಗೆಲಾಕ್ಸಿಯ ಲಕ್ಷಣ. 1926ರಲ್ಲಿ ಎಡ್ವಿನ್ ಹಬಲ್ ಗೆಲಾಕ್ಸಿಗಳನ್ನು ಆಕಾರದ ಮೇಲೆ ವಿಂಗಡಿಸಿದಾಗ ಸುರುಳಿಯಿಲ್ಲದ ಈ ನುಣುಪು ಉಂಡೆಗಳಿಗೆ ದೀರ್ಘವೃತ್ತ ಗೆಲಾಕ್ಸಿ ಎಂದರು. ಪೂರ್ತಿ ಗುಂಡಗೆ ಕಂಡರೆ ಇ0, ತೀರಾ ಚಪ್ಪಟೆಯಾದರೆ ಇ7. ಲೆಕ್ಕ ಮಕ್ಕಳೂ ಮಾಡಬಹುದು. ಉದ್ದ 10 ಪಾಲು, ಅಗಲ 7 ಪಾಲು ಕಂಡರೆ ಕಳೆದು ಉಳಿದ 3, ಅಂದರೆ ಇ3.

ಆದರೆ ಇದರಲ್ಲೊಂದು ಕೊಕ್ಕೆ ಇದೆ. ಇಡ್ಲಿಯನ್ನು ಮೇಲಿಂದ ನೋಡಿದರೆ ಗುಂಡಗೆ, ಪಕ್ಕದಿಂದ ನೋಡಿದರೆ ಉದ್ದಕ್ಕೆ. ಗೆಲಾಕ್ಸಿಯನ್ನು ನಾವು ಒಂದೇ ಮಗ್ಗುಲಿಂದ ನೋಡಬಲ್ಲೆವು, ತಟ್ಟೆ ತಿರುಗಿಸುವ ಹಾಗಿಲ್ಲ. ಆದ್ದರಿಂದ ಇ0 ಎಂದು ಬರೆದದ್ದು ನಿಜವಾಗಿ ಚೆಂಡೋ ಇಡ್ಲಿಯೋ ಆ ಸಂಖ್ಯೆ ಹೇಳುವುದಿಲ್ಲ. ನಾನು ಪಾಠ ಮಾಡುತ್ತಿದ್ದಾಗ ಇದನ್ನು ಹೇಳದೆ ಬರೀ ಹಬಲ್ ವಿಂಗಡಣೆಯ ಕವೆಗೋಲಿನ ಚಿತ್ರ ಬರೆಸಿ ಅಂಕ ಕೊಟ್ಟುಬಿಟ್ಟೆ ಎಂಬ ಪಶ್ಚಾತ್ತಾಪ ಈಗಲೂ ಇದೆ.

ರಾಜಾ, ಆ 60 ಲಕ್ಷದ ಬಗ್ಗೆ ಆಮೇಲೆ ಬರುತ್ತೇನೆ.

ಹರಿಹರದ ಅಕ್ಕ
ಏಪ್ರಿಲ್ 19, ರಾತ್ರಿ 9:20

ಮೇಷ್ಟ್ರೇ, ತೋಳು ಯಾಕಿಲ್ಲ ಅಂತ ನೀವು ಹೇಳಲೇ ಇಲ್ಲ. ಒಳಗಿರೋ ನಕ್ಷತ್ರಗಳು ನಿಂತ್ಕೊಂಡಿರ್ತಾವಾ? ತಿರುಗೋದಾದ್ರೆ ನಮ್ಮ ಗೆಲಾಕ್ಸಿ ಹಂಗೆ ಚಪ್ಪಟೆ ತಟ್ಟೆ ಆಗ್ಬೇಕಿತ್ತಲ್ಲ?

ಪಿಯು ಮೇಷ್ಟ್ರು
ಏಪ್ರಿಲ್ 19, ರಾತ್ರಿ 10:05

ನಿಂತರೆ ಉಳಿಗಾಲವಿಲ್ಲ ತಾಯಿ, ಎಲ್ಲವೂ ನಡುವಿಗೆ ಬಿದ್ದುಬಿಡುತ್ತವೆ. ಓಡುತ್ತವೆ, ಜೋರಾಗಿಯೇ ಓಡುತ್ತವೆ, ಎಂ87ರಂಥ ಕಡೆ ಸೆಕೆಂಡಿಗೆ 300 ಕಿಲೋಮೀಟರ್ ಆಸುಪಾಸು. ಆದರೆ ಒಂದೇ ದಿಕ್ಕಿಗಲ್ಲ. ನಮ್ಮ ಕ್ಷೀರಪಥದಲ್ಲಿ ನಕ್ಷತ್ರಗಳು ದೇವಸ್ಥಾನದ ಪ್ರದಕ್ಷಿಣೆಯಂತೆ ಒಂದೇ ಕಡೆಗೆ ಸುತ್ತುತ್ತವೆ. ಆ ತೆಳು ತಟ್ಟೆಯಿದ್ದರಷ್ಟೇ ತೋಳು ಮೂಡೀತು. ದೀರ್ಘವೃತ್ತದಲ್ಲಿ ಹಾಗಲ್ಲ. ಕೋಟೆಯ ಬಂಡೆಗೆ ಕಟ್ಟಿದ ಹೆಜ್ಜೇನು ಎದ್ದಾಗ ನೋಡಿದ್ದೀರಾ? ಒಂದೊಂದು ಹುಳ ಒಂದೊಂದು ದಾರಿ, ಒಟ್ಟಿನಲ್ಲಿ ಮೋಡ ಮಾತ್ರ ಅಲ್ಲೇ ಇರುತ್ತದೆ.

ಸ್ವಾರಸ್ಯ ಏನೆಂದರೆ, ಈ ಗೆಲಾಕ್ಸಿಗಳು ಚಪ್ಪಟೆಯಾಗಿರುವುದು ತಿರುಗುವುದರಿಂದಲೇ ಎಂದು ಬಹಳ ಕಾಲ ನಂಬಿದ್ದರು, ಭೂಮಿಯ ಹೊಟ್ಟೆ ಉಬ್ಬಿದ ಹಾಗೆ. 1970ರ ದಶಕದಲ್ಲಿ ರೋಹಿತ ಹಿಡಿದು, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅಳೆದರೆ ದೈತ್ಯರು ತಿರುಗುವುದು ತೀರಾ ನಿಧಾನ. ಆ ವೇಗಕ್ಕೆ ಅಷ್ಟು ಚಪ್ಪಟೆಯಾಗಲು ಸಾಧ್ಯವೇ ಇಲ್ಲ. ಹಾಗಾದರೆ ಆಕಾರ ಬಂದದ್ದು ನಕ್ಷತ್ರಗಳ ಓಡಾಟದಿಂದ: ಒಂದು ಅಡ್ಡಕ್ಕೆ ಹೆಚ್ಚು ಜಿಗಿದಾಟ, ಇನ್ನೊಂದು ಅಡ್ಡಕ್ಕೆ ಕಡಿಮೆ. ಮೂರು ದಿಕ್ಕಿಗೂ ಮೂರು ಬೇರೆ ಅಳತೆ ಇರಬಹುದು. ಆಗ ಅದು ಇಡ್ಲಿಯೂ ಅಲ್ಲ, ಮೊಟ್ಟೆಯೂ ಅಲ್ಲ, ತುಳಿದ ಆಲೂಗಡ್ಡೆ. ಸಣ್ಣ ದೀರ್ಘವೃತ್ತಗಳಲ್ಲಿ ತಿರುಗುವಿಕೆ ಸಾಕಷ್ಟಿದೆ. ಈ ಸೋಮಾರಿತನ ದೊಡ್ಡವರದ್ದು ಮಾತ್ರ.

ಅಡಿಕೆ ತೋಟ (ಚನ್ನಗಿರಿ)
ಏಪ್ರಿಲ್ 20, ಬೆಳಿಗ್ಗೆ 6:50

ರಾಕೆಟ್ ರಾಜಣ್ಣಗೆ ನಾನು ಹೇಳ್ತೀನಿ, ಮೇಷ್ಟ್ರು ಅನುಮತಿ ಕೊಟ್ರೆ. ಸೂಳೆಕೆರೆ ಎಷ್ಟು ದೊಡ್ಡದು ಅಂತ ಯಾರಾದ್ರೂ ಕೇಳಿದ್ರೆ ನಾವು ತಿರುಗಿ ಕೇಳೋದು, ಯಾವ ತಿಂಗಳಲ್ಲಿ ಅಂತ. ನೀರು ಇಳಿಜಾರಿನ ಮೇಲೆ ಹಬ್ಬಿರ್ತದೆ, ಬೇಸಿಗೇಲಿ ಅಂಚು ಒಂದು ಕಡೆ, ಮಳೆಗಾಲದಲ್ಲಿ ಇನ್ನೊಂದು ಕಡೆ. ಮಂಡಕ್ಕಿ ತಮ್ಮ ಬರೆದದ್ದು ಓದಿ, "ಅಂಚು ಎಲ್ಲಿ ಮುಗೀತು ಗೊತ್ತಾಗಲ್ಲ" ಅಂತ. ಐಸಿ 1101ಕ್ಕೂ ಅದೇ ಕತೆ ಇರಬೇಕು ಅಂತ ನನ್ನ ಊಹೆ. ಹೌದಾ ಮೇಷ್ಟ್ರೇ?

ಪಿಯು ಮೇಷ್ಟ್ರು
ಏಪ್ರಿಲ್ 20, ಬೆಳಿಗ್ಗೆ 9:15

ನೂರಕ್ಕೆ ನೂರು. ಐಸಿ 1101 ಇರುವುದು ಏಬೆಲ್ 2029 ಎಂಬ ಗೆಲಾಕ್ಸಿ ಗುಚ್ಛದ ನಡುವೆ, ಸುಮಾರು ನೂರು ಕೋಟಿ ಬೆಳಕಿನ ವರ್ಷ ದೂರ. ದೈತ್ಯ ಎನ್ನುವುದರಲ್ಲಿ ಸಂಶಯವಿಲ್ಲ. ಅಗಲ ಮಾತ್ರ ನೀವು ಎಷ್ಟು ಮಸುಕಾದ ಬೆಳಕಿನ ತನಕ ಎಣಿಸುತ್ತೀರಿ ಎನ್ನುವುದರ ಮೇಲೆ ಹೋಗುತ್ತದೆ. 1948ರಲ್ಲಿ ಖಗೋಳ ವಿಜ್ಞಾನಿ ಡಿ ವೋಕೂಲರ್ ತೋರಿಸಿದ ಸೂತ್ರದಲ್ಲೇ ಇದು ಅಡಗಿದೆ. ದೀರ್ಘವೃತ್ತದ ಬೆಳಕು ನಡುವಿನಿಂದ ಹೊರಕ್ಕೆ ಮೊದಲು ಬೇಗ ಇಳಿದು, ಆಮೇಲೆ ಎಳೆದೆಳೆದು ಇಳಿಯುತ್ತದೆ, ಎಲ್ಲೂ ಗೆರೆ ಹೊಡೆದಂತೆ ನಿಲ್ಲುವುದಿಲ್ಲ. 60 ಲಕ್ಷ ಎನ್ನುವವರು ಅತಿ ಮಸುಕು ಸೆರಗಿನ ತುದಿಯನ್ನೂ ಸೇರಿಸಿದ್ದಾರೆ. ಆ ಸೆರಗಿನ ನಕ್ಷತ್ರಗಳಲ್ಲಿ ಎಷ್ಟೋ ಆ ಗೆಲಾಕ್ಸಿಯವೇ ಅಲ್ಲ, ಇಡೀ ಗುಚ್ಛದಲ್ಲಿ ತೇಲುತ್ತಿರುವ ಅನಾಥರು. ಎಂ87 ಇರುವ ಕನ್ಯಾ ಗುಚ್ಛದಲ್ಲೂ ಹಾಗೆ ಗೆಲಾಕ್ಸಿಗಳ ನಡುವಿನ ಖಾಲಿಯಲ್ಲಿ ಹರಡಿದ ನಕ್ಷತ್ರ ಬೆಳಕನ್ನು ಫೋಟೊ ಹಿಡಿದಿದ್ದಾರೆ.

ರೀಲ್ಸ್‌ನಲ್ಲಿ ನಮ್ಮದನ್ನು ಬರೀ ತಟ್ಟೆಯ ಮಟ್ಟಿಗೆ ಅಳೆದು, ಅದನ್ನು ಸೆರಗು ಸಮೇತ ಅಳೆದು ಪಕ್ಕಪಕ್ಕ ಇಡುತ್ತಾರೆ. ತೂಕದಲ್ಲಿ ಮೋಸ.

ರಾಕೆಟ್ ರಾಜ
ಏಪ್ರಿಲ್ 20, ಬೆಳಿಗ್ಗೆ 10:02

ಸರ್ ಆಯ್ತು ಒಪ್ಕೊಂಡೆ. ಆದ್ರೆ ಇದಕ್ಕೆ ಉತ್ತರ ಕೊಡಿ. ಎಂ87 ಜೆಟ್ ಬೆಳಕಿಗಿಂತ 6 ಪಟ್ಟು ಸ್ಪೀಡ್ ಅಂತ ಹಬಲ್ ದುರ್ಬೀನೇ ಅಳೆದಿದೆ. ಐನ್‌ಸ್ಟೈನ್ ತಪ್ಪಾ??

ದುರ್ಗದ ಕಲ್ಲು
ಏಪ್ರಿಲ್ 20, ಬೆಳಿಗ್ಗೆ 10:48

ಅಳೆದಿದ್ದು ನಿಜ, ತಪ್ಪಿರೋದು ಐನ್‌ಸ್ಟೈನ್ ಅಲ್ಲ. ಮುಂಬೈಯಿಂದ ನಿಮ್ಮಣ್ಣ ಊರಿಗೆ ಹೊರಟಿದ್ದಾನೆ ಅನ್ನು, ದಾರೀಲಿ ದಿನಕ್ಕೊಂದು ಕಾಗದ ಹಾಕ್ತಾನೆ. ಅವನು ಹೆಚ್ಚುಕಮ್ಮಿ ಅಂಚೆಯಷ್ಟೇ ಬೇಗ ಬರ್ತಿದ್ರೆ ಏಳು ದಿನದ ಕಾಗದ ಎಲ್ಲಾ ಒಂದೇ ದಿನ ನಿನ್ನ ಕೈಗೆ ಬೀಳ್ತಾವೆ. ನೋಡಿದೋನಿಗೆ ಏಳು ದಿನದ ದಾರಿ ಒಂದೇ ದಿನದಲ್ಲಿ ಬಂದ ಅನ್ಸುತ್ತೆ. ಜೆಟ್ ನಮ್ಮ ಕಡೆಗೆ ವಾಲಿ ಬೆಳಕಿಗೆ ತುಸುವೇ ಕಮ್ಮಿ ವೇಗದಲ್ಲಿ ಬರ್ತೈತೆ, ತಾನು ಬಿಟ್ಟ ಬೆಳಕಿನ ಬೆನ್ನಿಗೇ ಓಡ್ತೈತೆ. ಅಷ್ಟೇ ವಿಷಯ.

ಪಂಚಾಂಗ ಪ್ರಿಯ
ಏಪ್ರಿಲ್ 20, ಬೆಳಿಗ್ಗೆ 11:30

ಕನ್ಯಾ ರಾಶಿಯಲ್ಲಿ ಇಷ್ಟು ದೊಡ್ಡ ಕಪ್ಪುಕುಳಿ ಇದ್ದರೆ ಆ ರಾಶಿಯವರಿಗೆ ದೋಷ ಉಂಟೇ? ಪರಿಹಾರ ತಿಳಿದವರು ಹೇಳಿ.

ದುರ್ಗದ ಕಲ್ಲು
ಏಪ್ರಿಲ್ 20, ಬೆಳಿಗ್ಗೆ 11:33

ನನ್ನ ಹೆಂಡ್ತಿದು ಕನ್ಯಾ ರಾಶಿ ಸ್ವಾಮಿ. ದೋಷ ಎಲ್ಲಾ ನನಗೇ.

ನಿಯಂತ್ರಕ
ಏಪ್ರಿಲ್ 20, ಮಧ್ಯಾಹ್ನ 12:10

ಜ್ಯೋತಿಷ್ಯಕ್ಕೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಗೆಲಾಕ್ಸಿ ಮಾತ್ರ.

ಎರಡನೇ ಪಾಳಿ (ದಾವಣಗೆರೆ)
ಏಪ್ರಿಲ್ 20, ರಾತ್ರಿ 8:40

ಹತ್ತಿ ಉಂಡೆ ಅಂತ ತಲೆಬರಹ ನೋಡಿ ಒಳಗೆ ಬಂದೆ. ಇಪ್ಪತ್ತೆರಡು ವರ್ಷ ಮಿಲ್ಲಿನಲ್ಲಿ ನೂಲುವ ವಿಭಾಗದಲ್ಲಿ ಕೆಲಸ ಮಾಡಿದವನು, ಮಿಲ್ಲು ಮುಚ್ಚಿದ ಮೇಲೆ ಮನೆಯಲ್ಲಿ ಇಂಥವು ಓದ್ತಾ ಇರ್ತೇನೆ. ಒಂದು ಅನುಮಾನ. ಈ ಉಂಡೆಯಲ್ಲಿ ಹೊಸ ನಕ್ಷತ್ರ ಹುಟ್ಟೋದೇ ಇಲ್ಲ, ಅನಿಲ ಇಲ್ಲ ಅಂತ ಒಂದು ಕಡೆ ಓದಿದೆ. ಇನ್ನೊಂದು ಕಡೆ ಇದರ ಸುತ್ತ ಅನಿಲ ರಾಶಿ ರಾಶಿ ಇದೆ ಅಂತ ಬರೆದಿದ್ದಾರೆ. ಯಾವುದು ಸರಿ?

ಪಿಯು ಮೇಷ್ಟ್ರು
ಏಪ್ರಿಲ್ 20, ರಾತ್ರಿ 9:30

ಎರಡೂ ಸರಿ ಯಜಮಾನ್ರೇ. ತಣ್ಣಗಿನ ಅನಿಲ ಮತ್ತು ದೂಳು ಇಲ್ಲವೆನ್ನುವಷ್ಟು ಕಡಿಮೆ. ಬಿಸಿ ಅನಿಲ ಮಾತ್ರ ಧಾರಾಳ. ಎಂ87ರ ಸುತ್ತ ಅದು ಒಂದೆರಡು ಕೋಟಿ ಡಿಗ್ರಿ ಕಾದಿದೆ, ಕಣ್ಣಿಗೆ ಕಾಣುವುದಿಲ್ಲ, ಎಕ್ಸ್-ರೇಯಲ್ಲಿ ಮಾತ್ರ ಹೊಳೆಯುತ್ತದೆ. ನಕ್ಷತ್ರ ಹುಟ್ಟಬೇಕಾದರೆ ಅನಿಲ ತಣ್ಣಗಾಗಿ ತನ್ನ ತೂಕಕ್ಕೆ ತಾನೇ ಕುಸಿದು ಗಟ್ಟಿಯಾಗಬೇಕು. ಕಾದ ಅನಿಲ ಕುಸಿಯುವುದಿಲ್ಲ, ಒಳಗಿನಿಂದ ಒತ್ತುತ್ತದೆ.

ಹೊಸದು ಹುಟ್ಟದಿದ್ದರೆ ಬಣ್ಣವೂ ಹೋಗುತ್ತದೆ. ನೀಲಿಯಾಗಿ ಉರಿಯುವ ಭಾರಿ ನಕ್ಷತ್ರಗಳ ಆಯಸ್ಸು ಕೆಲವೇ ಕೋಟಿ ವರ್ಷ. ಅವು ಸತ್ತು, ನಿಧಾನವಾಗಿ ಉರಿಯುವ ಹಳದಿ, ಕೆಂಪು ಮುದುಕರು ಉಳಿಯುತ್ತಾರೆ. ಅಲ್ಲಿನ ಬಹುಪಾಲು ನಕ್ಷತ್ರಗಳಿಗೆ ಸುಮಾರು ಸಾವಿರ ಕೋಟಿ ವರ್ಷ. ನಮ್ಮ ಸೂರ್ಯನಿಗೆ 460 ಕೋಟಿ.

ಎರಡನೇ ಪಾಳಿ
ಏಪ್ರಿಲ್ 20, ರಾತ್ರಿ 10:15

ಈಗ ತಿಳೀತು, ತಿಳಿದದ್ದಷ್ಟೇ ಅಲ್ಲ, ಮೈಯಲ್ಲೇ ಗೊತ್ತಾಯ್ತು. ನೂಲುವ ವಿಭಾಗದಲ್ಲಿ ಹವೆ ಒಣಗಿ ಕಾದರೆ ಎಳೆ ತುಂಡು ತುಂಡಾಗ್ತದೆ. ಅದಕ್ಕೇ ತೇವ ಹಿಡಿಯೋ ಯಂತ್ರ ಹಾಕಿರ್ತಾರೆ. ಏಪ್ರಿಲ್‌ನಲ್ಲಿ ಅದು ಕೆಟ್ಟ ದಿನ ಗೋದಾಮಿನ ತುಂಬ ಹತ್ತಿ ಇದ್ದರೂ ಒಂದು ಕದಿರು ನೆಟ್ಟಗೆ ನೂಲು ಕೊಡ್ತಿರಲಿಲ್ಲ. ಹತ್ತಿ ಇಲ್ಲದ ಮಿಲ್ಲಲ್ಲ ಇದು. ಹತ್ತಿ ಇದ್ದೂ ನೂಲದ ಮಿಲ್ಲು.

ಆದರೆ ಸಾವಿರ ಕೋಟಿ ವರ್ಷದಲ್ಲಿ ತನ್ನಷ್ಟಕ್ಕೆ ಆರಬೇಕಿತ್ತಲ್ಲ ಮೇಷ್ಟ್ರೇ? ಒಲೆಯಿಂದ ಇಳಿಸಿದ ಹಂಡೆಯೂ ಬೆಳಗಾಗೋದ್ರಲ್ಲಿ ಆರ್ತದೆ.

ದುರ್ಗದ ಕಲ್ಲು
ಏಪ್ರಿಲ್ 20, ರಾತ್ರಿ 11:20

ಯಜಮಾನ್ರೇ, ನೀವು ಕೇಳಿದ್ದನ್ನೇ ಖಗೋಳದೋರು ಇಪ್ಪತ್ತು ಮೂವತ್ತು ವರ್ಷ ತಲೆ ಕೆಡಿಸ್ಕೊಂಡು ಕೇಳಿದ್ದು. ಎಕ್ಸ್-ರೇಯಲ್ಲಿ ಶಾಖ ಹೊರಗೆ ಹೋಗ್ತಿರೋದು ಕಾಣುತ್ತೆ. ಲೆಕ್ಕದ ಪ್ರಕಾರ ದೊಡ್ಡ ಗುಚ್ಛಗಳ ನಡುವೆ ವರ್ಷಕ್ಕೆ ನೂರಾರು ಸೂರ್ಯರಷ್ಟು ಅನಿಲ ತಣ್ಣಗಾಗಿ ಒಳಗೆ ಸುರಿಬೇಕು, ನಕ್ಷತ್ರ ಹುಟ್ಟಬೇಕು. ಚಂದ್ರಾ ಮತ್ತೆ ಎಕ್ಸ್‌ಎಂಎಂ-ನ್ಯೂಟನ್ ದುರ್ಬೀನುಗಳು 1999ರಲ್ಲಿ ಮೇಲೆ ಹೋಗಿ ನೋಡಿದ್ರೆ ಅಷ್ಟು ತಣ್ಣಗಿನ ಅನಿಲ ಅಲ್ಲಿಲ್ಲ. (ಚಂದ್ರಾ ಅಂದ್ರೆ ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರು, ಬಹಳ ಜನ ಚಂದ್ರ ಗ್ರಹಕ್ಕೆ ಇಟ್ಟಿದ್ದು ಅಂದ್ಕೊಂಡಿದ್ದಾರೆ.) ಅಂದ್ರೆ ಯಾರೋ ಒಲೆ ಉರಿಸ್ತಾನೇ ಇದ್ದಾರೆ.

ಒಲೆ ಯಾವುದು ಅಂದ್ರೆ ನಡುವಿನ ಕಪ್ಪುಕುಳಿ. ತಣ್ಣಗಿನ ಅನಿಲ ಚೂರು ಒಳಗೆ ಬಿದ್ರೆ ಸಾಕು, ಕುಳಿ ಜೆಟ್ ಹೊಡೆಯುತ್ತೆ, ಜೆಟ್ ಸುತ್ತಲ ಅನಿಲದಲ್ಲಿ ಗುಳ್ಳೆ ಎಬ್ಬಿಸಿ ಮತ್ತೆ ಕಾಯಿಸುತ್ತೆ. ಕಾದ ಮೇಲೆ ಕುಳಿಗೆ ಊಟ ನಿಲ್ಲುತ್ತೆ, ಜೆಟ್ ಸೊರಗುತ್ತೆ. ಆರಿದ ಮೇಲೆ ಮತ್ತೆ ಶುರು. ಪರ್ಸಿಯಸ್ ಗುಚ್ಛದ ನಡುವೆ ಎನ್‌ಜಿಸಿ 1275 ಅಂತ ಇನ್ನೊಂದು ದೈತ್ಯ ಐತೆ, 25 ಕೋಟಿ ಬೆಳಕಿನ ವರ್ಷದಾಚೆ. ಅದರ ಗುಳ್ಳೆ ಎದ್ದ ಏಟಿಗೆ ಅನಿಲದಲ್ಲಿ ಉಂಗುರ ಉಂಗುರವಾಗಿ ಅಲೆ ಹೊರಟಿರೋದನ್ನ 2003ರಲ್ಲಿ ಚಂದ್ರಾ ತೋರಿಸ್ತು. ಅದು ಶಬ್ದದ ಅಲೆನೇ. ಹಾರ್ಮೋನಿಯಂನ ಮಧ್ಯ ಸ್ಥಾಯಿಯಿಂದ 57 ಸ್ಥಾಯಿ ಕೆಳಗಿನ ಸ್ವರ. ಒಂದು ಅಲೆ ದಾಟಿ ಇನ್ನೊಂದು ಬರೋದಕ್ಕೆ ಸುಮಾರು ಒಂದು ಕೋಟಿ ವರ್ಷ.

ಜೆಟ್ ಎಷ್ಟು ಶಾಖ ಕೊಡುತ್ತೆ, ಅದು ಎಲ್ಲಾ ಕಡೆಗೂ ಸಮನಾಗಿ ಹೆಂಗೆ ಹರಡುತ್ತೆ ಅನ್ನೋದರ ಮೇಲೆ ಇನ್ನೂ ಜಗಳ ನಡೀತೈತೆ. ಒಲೆ ಅದೇ ಅನ್ನೋದರ ಮೇಲೆ ಅಷ್ಟಿಲ್ಲ.

ಮಂಡಕ್ಕಿ ಮಿರ್ಚಿ
ಏಪ್ರಿಲ್ 21, ಬೆಳಿಗ್ಗೆ 8:10

ಅಣ್ಣಾ, ಇದನ್ನ ಹೊಲದಾಗ ಹೇಳಬಾರದಿತ್ತಾ? ಅಲ್ಲಿ ಬರೀ "ಕಣ್ಣು ಓರೆ ಮಾಡಿ ನೋಡು, ಓರೆ ಮಾಡಿ ನೋಡು" ಅಂತಿದ್ರಿ.

ಇಷ್ಟು ದೊಡ್ಡದಾಗಿದ್ದು ಹೆಂಗ ಅದು? ಹುಟ್ಟಿದಾಗಿಂದ ಹಂಗಾ?

ಚಳ್ಳಕೆರೆ ಶೇಂಗಾ
ಏಪ್ರಿಲ್ 21, ಬೆಳಿಗ್ಗೆ 9:45

ತಿಂದು ತಿಂದು. 1970ರ ದಶಕದಲ್ಲಿ ತೂಮ್ರೆ ಅಣ್ಣತಮ್ಮಂದಿರು ಕಂಪ್ಯೂಟರಿನಲ್ಲಿ ಎರಡು ಸುರುಳಿ ಗೆಲಾಕ್ಸಿ ಹತ್ತಿರ ತಂದು ನೋಡಿದ್ರು, ಎರಡೂ ಒಂದನ್ನೊಂದು ಎಳೆದಾಡಿ ಬಾಲ ಬಿಟ್ಕೊಂಡ್ವು. ಕೊನೆಗೆ ಎರಡೂ ಕಲಸಿಹೋಗಿ ಒಂದು ಉಂಡೆ ಆಗುತ್ತೆ ಅನ್ನೋ ವಾದವನ್ನ ಅಲಾರ್ ತೂಮ್ರೆ 1977ರಲ್ಲಿ ಮುಂದಿಟ್ಟರು. ತಟ್ಟೆ ಮುರೀತು, ಪ್ರದಕ್ಷಿಣೆ ಕೆಟ್ಟು ಹೆಜ್ಜೇನು ಆಯ್ತು.

ನಮ್ಮಪ್ಪ ಕೇಳಿದ್ದು, ಅಷ್ಟು ನಕ್ಷತ್ರ ಢಿಕ್ಕಿ ಹೊಡೆದ್ರೆ ಉಳಿಯೋದು ಏನು ಅಂತ. ನಕ್ಷತ್ರ ಢಿಕ್ಕಿ ಹೊಡೆಯಲ್ಲ. ಸೂರ್ಯನ್ನ ಒಂದು ಶೇಂಗಾ ಬೀಜ ಅಂತ ಮಾಡಿ ದುರ್ಗದಲ್ಲಿ ಇಟ್ರೆ, ಅತಿ ಹತ್ತಿರದ ಇನ್ನೊಂದು ನಕ್ಷತ್ರ ಬೆಂಗಳೂರಿನಲ್ಲಿ ಇಟ್ಟ ಇನ್ನೊಂದು ಪುಟ್ಟ ಬೀಜ. ನಡುವೆ 200 ಕಿಲೋಮೀಟರ್ ಖಾಲಿ. ಗೆಲಾಕ್ಸಿಗಳು ಹಂಗಲ್ಲ. ನಮ್ಮ ಗೆಲಾಕ್ಸಿನ ಒಂದು ಅಡಿ ಅಗಲದ ಬೆಣ್ಣೆದೋಸೆ ಮಾಡಿದ್ರೆ ಆಂಡ್ರೊಮಿಡಾ ಅನ್ನೋ ಇನ್ನೊಂದು ದೋಸೆ 25 ಅಡಿ ದೂರದಲ್ಲಿ, ಅದೇ ಹೋಟ್ಲಿನ ಇನ್ನೊಂದು ಟೇಬಲ್ಲಲ್ಲಿ. ಅದಕ್ಕೇ ದೋಸೆ ದೋಸೆ ಗುದ್ದುತ್ತೆ, ಶೇಂಗಾ ಬೀಜ ಗುದ್ದಲ್ಲ.

ಹರಿಹರದ ಅಕ್ಕ
ಏಪ್ರಿಲ್ 21, ಮಧ್ಯಾಹ್ನ 2:30

ಇಲ್ಲೊಂದು ಕಡೆ ಗಂಟು ಬೀಳ್ತದೆ ನೋಡಿ. ಮೇಷ್ಟ್ರು ಅಂದ್ರು ನಕ್ಷತ್ರಗಳು ಸಾವಿರ ಕೋಟಿ ವರ್ಷದ ಮುದುಕರು ಅಂತ. ಶೇಂಗಾ ಅವರು ಅಂತಾರೆ ಗೆಲಾಕ್ಸಿ ಆಮೇಲೆ ಕೂಡಿ ಕೂಡಿ ಆಗಿದ್ದು ಅಂತ. ಆಮೇಲೆ ಆಗಿದ್ದು ಹಳೇದು ಹೆಂಗಾಗುತ್ತೆ?

ಬರೀತಾ ಬರೀತಾ ಉತ್ತರ ಹೊಳೀತು. ನಮ್ಮ ಮಾವ ಹತ್ತು ವರ್ಷದ ಹಿಂದೆ ಕಟ್ಟಿದ ಮನೇಲಿ ಬಾಗಿಲು, ತೊಲೆ, ಕಂಬ ಎಲ್ಲಾ ಮೂರು ಹಳೇ ಮನೆ ಕೆಡವಿ ತಂದ ಮರಮುಟ್ಟು. ಮನೆ ಹೊಸದು, ಮರ ಅಜ್ಜನ ಕಾಲದ್ದು. ಹಂಗೇನಾ?

ಪಿಯು ಮೇಷ್ಟ್ರು
ಏಪ್ರಿಲ್ 21, ಸಂಜೆ 4:00

ಅಕ್ಕನವರೇ, ನೀವು ನನ್ನ ತರಗತಿಯಲ್ಲಿ ಇರಬೇಕಿತ್ತು. ಹಾಗೇ. ಮರ ಕಡಿದದ್ದು ಒಂದು ಕಾಲ, ಮನೆ ಎಬ್ಬಿಸಿದ್ದು ಇನ್ನೊಂದು ಕಾಲ. ಈಗಿನ ಅಭಿಪ್ರಾಯದಲ್ಲಿ ದೈತ್ಯರು ಎರಡು ಕಂತಿನಲ್ಲಿ ಬೆಳೆದವರು. ವಿಶ್ವ ಚಿಕ್ಕದಿದ್ದಾಗ ನಡುವಿನ ಗಟ್ಟಿ ಭಾಗದಲ್ಲಿ ಒಮ್ಮೆಲೇ ನಕ್ಷತ್ರಗಳು ಹುಟ್ಟಿ, ಹುಟ್ಟುವುದು ಬೇಗ ನಿಂತಿತು. ಜೇಮ್ಸ್ ವೆಬ್ ದುರ್ಬೀನು ವಿಶ್ವ ಹುಟ್ಟಿ 200 ಕೋಟಿ ವರ್ಷ ಆಗುವುದರೊಳಗೇ ನಕ್ಷತ್ರ ಹುಟ್ಟಿಸುವುದನ್ನು ನಿಲ್ಲಿಸಿದ್ದ ಭಾರಿ ಗೆಲಾಕ್ಸಿಗಳನ್ನು ತೋರಿಸಿದೆ, ಇಷ್ಟು ಬೇಗ ಹೇಗೆ ಎಂದು ತಜ್ಞರೇ ಕಣ್ಣು ಬಿಟ್ಟಿದ್ದಾರೆ. ಆಮೇಲಿನ ಸಾವಿರ ಕೋಟಿ ವರ್ಷ ಸಣ್ಣ ಪುಟ್ಟ ಗೆಲಾಕ್ಸಿಗಳನ್ನು ನುಂಗಿ ಹೊರಗಿನ ಸೆರಗು ಬೆಳೆಸಿಕೊಂಡದ್ದು.

ದುರ್ಗದ ಕಲ್ಲು
ಏಪ್ರಿಲ್ 21, ಸಂಜೆ 6:25

ಶೇಂಗಾ, "ಎರಡು ಸುರುಳಿ ಕೂಡಿದ್ರೆ ಒಂದು ದೈತ್ಯ" ಅನ್ನೋದನ್ನ ಅಷ್ಟು ಸಲೀಸಾಗಿ ನಾನು ಒಪ್ಪಲ್ಲ. ಗೋಳಗುಚ್ಛ ಎಣಿಸಿ ನೋಡು. ಲಕ್ಷಗಟ್ಟಲೆ ನಕ್ಷತ್ರ ಗುಂಡಗೆ ಒತ್ತಿಕೊಂಡಿರೋ ಗೊಂಚಲು ಅವು. ನಮ್ಮ ಗೆಲಾಕ್ಸಿಯಲ್ಲಿ 150 ಚಿಲ್ಲರೆ. ನಮ್ಮಂಥವು ಎರಡು ಕೂಡಿದ್ರೆ 300. ಎಂ87 ಸುತ್ತ ಎಷ್ಟು ಗೊತ್ತಾ? ಸುಮಾರು 12,000. ಉಳಿದಿದ್ದು ಎಲ್ಲಿಂದ ಬಂತು? ಸಿಡ್ನಿ ವಾನ್ ಡೆನ್ ಬರ್ಗ್ ಅನ್ನೋ ಖಗೋಳ ವಿಜ್ಞಾನಿ ಆ ಕಾಲದಲ್ಲೇ ಇದೇ ತಕರಾರು ತೆಗೆದಿದ್ದರು.

ಚಳ್ಳಕೆರೆ ಶೇಂಗಾ
ಏಪ್ರಿಲ್ 21, ರಾತ್ರಿ 7:50

ತಕರಾರು ಸರಿ, ಅದಕ್ಕೆ ಜವಾಬೂ ಬಂದೈತೆ ಅಣ್ಣ. ಅನಿಲ ತುಂಬಿದ ಗೆಲಾಕ್ಸಿಗಳು ಗುದ್ದಿದಾಗ ಹೊಸ ಗೊಂಚಲು ಹುಟ್ತಾವೆ. ಆಂಟೆನಾ ಅಂತ ಕರೆಯೋ ಗುದ್ದಾಡ್ತಿರೋ ಜೋಡಿಯಲ್ಲಿ ಹಬಲ್ ದುರ್ಬೀನು ಎಳೇ ಗೊಂಚಲುಗಳ ರಾಶಿನೇ ಹಿಡಿದೈತೆ. ಆದ್ರೂ 12,000ಕ್ಕೆ ಅದು ಸಾಲಲ್ಲ, ಒಪ್ತೀನಿ. ಎಂ87 ಕೂತಿರೋದು ಸಾವಿರಕ್ಕೂ ಹೆಚ್ಚು ಗೆಲಾಕ್ಸಿ ಇರೋ ಗುಚ್ಛದ ನಡುವೆ. ಸಂತೆ ನಡುವೆ ಅಂಗಡಿ ಇಟ್ಟೋನಿಗೆ ಗಿರಾಕಿ ಕಮ್ಮಿನಾ? ಎಷ್ಟು ಸಣ್ಣವು ಗೊಂಚಲು ಸಮೇತ ಒಳಗೆ ಬಿದ್ವೋ.

ದುರ್ಗದ ಕಲ್ಲು
ಏಪ್ರಿಲ್ 21, ರಾತ್ರಿ 8:02

ಹಂಗೆ ಹೇಳು ಮತ್ತೆ. ಎರಡು ಅಲ್ಲ, ನೂರಾರು. ಅದನ್ನೇ ನಾನು ಅಂದಿದ್ದು.

ರಾಕೆಟ್ ರಾಜ
ಏಪ್ರಿಲ್ 21, ರಾತ್ರಿ 9:11

ನಾವೂ ಆಂಡ್ರೊಮಿಡಾ ಜೊತೆ ಗುದ್ದಿ ಉಂಡೆ ಆಗ್ತೀವಲ್ವಾ? 400 ಕೋಟಿ ವರ್ಷಕ್ಕೆ ಫಿಕ್ಸ್ ಅಂತ ಎಲ್ಲಾ ಚಾನೆಲ್‌ನಲ್ಲೂ ಇದೆ.

ಪಿಯು ಮೇಷ್ಟ್ರು
ಏಪ್ರಿಲ್ 21, ರಾತ್ರಿ 9:40

2012ರಲ್ಲಿ ಹಾಗೇ ಹೇಳಿದ್ದರು. 2025ರಲ್ಲಿ ಹೊಸ ಅಳತೆಗಳೊಂದಿಗೆ, ನೆರೆಯ ಸಣ್ಣ ಗೆಲಾಕ್ಸಿಗಳ ಎಳೆತವನ್ನೂ ಸೇರಿಸಿ ಮತ್ತೆ ಲೆಕ್ಕ ಹಾಕಿದಾಗ ಮುಂದಿನ ಸಾವಿರ ಕೋಟಿ ವರ್ಷದಲ್ಲಿ ಕೂಡುವ ಸಾಧ್ಯತೆ ಅರ್ಧಕ್ಕರ್ಧ ಎಂದು ಬಂತು. ನಾಣ್ಯ ಚಿಮ್ಮಿದ ಹಾಗೆ. ನಾನಂತೂ ಕಾಯುವುದಿಲ್ಲ.

ಮಂಡಕ್ಕಿ ಮಿರ್ಚಿ
ಮೇ 17, ಬೆಳಿಗ್ಗೆ 10:20

ಎಲ್ರಿಗೂ ನಮಸ್ಕಾರ. ನಿನ್ನೆ ಮತ್ತ ಹೋಗಿದ್ವಿ, ಅದೇ ಹೊಲ. ಮೊನ್ನೆ ಕೃತ್ತಿಕಾ ಮಳಿ ಹೊಡೆದು ದೂಳೆಲ್ಲಾ ತೊಳೆದಿತ್ತು. ಹರಿಹರದ ಅಕ್ಕ, ಅವರ ಮಗಳು, ಎರಡನೇ ಪಾಳಿ ಯಜಮಾನ್ರು ಕೂಡ ಬಂದಿದ್ರು. ಅಕ್ಕ ತಂದ ರೊಟ್ಟಿ, ಶೇಂಗಾ ಚಟ್ನಿಗೆ ಬೇರೆ ಎಳೆ ಹಾಕಬೇಕು.

ಎಂ87 ಈ ಸಲಾನೂ ಹತ್ತಿ ಉಂಡಿನೇ. ಜೆಟ್ ಕಾಣ್ಲಿಲ್ಲ, ಎಂಟಿಂಚಿಗೆ ಕಣ್ಣಿಂದ ಕಾಣಲ್ಲ ಅಂತ ಅಣ್ಣ ಮೊದ್ಲೇ ಹೇಳಿದ್ರು. ಆದ್ರ ಅಲ್ಲಿಂದ ಸ್ವಲ್ಪ ಪಶ್ಚಿಮಕ್ಕ ಸರಿಸಿ ನಿಲ್ಲಿಸಿದ್ರು. ಎಂ84, ಎಂ86 ಅಂತ ಎರಡು ದೊಡ್ಡ ಉಂಡಿ ಜೋಡಿಯಾಗಿ. ಇವು ಪೂರ್ತಿ ದೀರ್ಘವೃತ್ತ ಅಲ್ಲ, ಮಸೂರದ ಆಕಾರದ್ದು ಅನ್ನೋರೂ ಅದಾರಂತ. ಒಂದ್ನಿಮಿಷ ಕಣ್ಣು ತೆಗೀದಂಗ ಓರೆಗಣ್ಣಾಗ ನೋಡಿದೆ. ಸುತ್ತ ಇನ್ನೊಂದು ಮಸುಕು, ಇನ್ನೊಂದು, ಪಕ್ಕದಾಗ ಎರಡು ಕಣ್ಣಿನಂಗ ಜೋಡಿ. ಒಂದೇ ನೋಟದಾಗ ಏಳು ಎಣಿಸಿದೆ. ಅದರಾಗ ಎಂ86 ನಮ್ಮ ಕಡೆಗೇ ಬರ್ತಾ ಐತಂತ, ಗುಚ್ಛದ ಒಳಗ ಆ ಪರಿ ಜೋರಾಗಿ ಓಡ್ತಾ ಐತಿ.

ಹತ್ತೂಕಾಲಿಗೆ ದಕ್ಷಿಣಕ್ಕ ತಿರುಗಿಸಿದ್ರು, ನೆಲದಿಂದ ಮೂವತ್ತೆರಡು ಡಿಗ್ರಿ ಮೇಲೆ ಸೆಂಟಾರಸ್ ಎ ಅನ್ನೋ ಗೆಲಾಕ್ಸಿ. ಇದು ನಮಗ ಹತ್ರದ್ದು, 1.2 ಕೋಟಿ ಬೆಳಕಿನ ವರ್ಷ. ಉಂಡಿ ನಡುವ ಅಡ್ಡಕ್ಕ ಕರಿ ಪಟ್ಟಿ! ಬೆಣ್ಣಿ ಉಂಡಿಗೆ ಕರಿ ದಾರ ಕಟ್ಟಿದಂಗ. ನುಂಗಿದ ಗೆಲಾಕ್ಸಿಯ ದೂಳು ಅದು, ಇನ್ನೂ ಅರಗಿಲ್ಲ ಅಂದ್ರು ಅಣ್ಣ. ಯಜಮಾನ್ರು ಅದರ ಮುಂದ ಎಷ್ಟೊತ್ತು ನಿಂತ್ರು ಅಂದ್ರ ಅಕ್ಕನ ಮಗಳು "ಅಜ್ಜಾ, ನಮಗೂ ಬಿಡಿ" ಅನ್ನಬೇಕಾಯ್ತು.

ದುರ್ಗದ ಕಲ್ಲು
ಮೇ 17, ಬೆಳಿಗ್ಗೆ 11:00

ಅದೇ ಸೆಂಟಾರಸ್ ಎ ನಮ್ಮ ಕಣ್ಣಿಗೆ ರೇಡಿಯೊ ಅಲೆಯಲ್ಲಿ ಕಾಣೋ ಹಂಗಿದ್ರೆ, ಅದರ ಎರಡು ಕಡೆ ಚಿಮ್ಮಿರೋ ಮೋಡ ಹುಣ್ಣಿಮೆ ಚಂದ್ರನ್ನ ಹದಿನಾರು ಸಲ ಸಾಲಾಗಿ ಇಟ್ಟಷ್ಟು ಉದ್ದ. ಪುಣೆ ಕಡೆ ನಾರಾಯಣಗಾಂವ್ ಹತ್ರ ಜಿಎಂಆರ್‌ಟಿ ಐತಲ್ಲ, 45 ಮೀಟರ್ ಅಗಲದ 30 ತಟ್ಟೆ ಇರೋ ರೇಡಿಯೊ ದುರ್ಬೀನು, ಅದು ಇಂಥ ರೇಡಿಯೊ ಗೆಲಾಕ್ಸಿಗಳನ್ನ ಹಿಡಿಯೋದ್ರಲ್ಲಿ ಪಳಗಿದ್ದು. ಅಷ್ಟು ದೊಡ್ಡ ರೇಡಿಯೊ ಮೋಡ ಕಂಡಲ್ಲೆಲ್ಲಾ ನಡುವೆ ನೋಡಿದ್ರೆ ಹೆಚ್ಚಾಗಿ ಕೂತಿರೋದು ಇಂಥದ್ದೊಂದು ಹತ್ತಿ ಉಂಡೆನೇ.

ಎರಡನೇ ಪಾಳಿ
ಮೇ 17, ಮಧ್ಯಾಹ್ನ 12:45

ನಾನು ನಿಂತದ್ದು ಕರಿ ಪಟ್ಟಿ ನೋಡ್ತಾ ಅಲ್ಲ. ಆ ಪಟ್ಟಿಯಲ್ಲಿ ತಣ್ಣಗಿನ ಅನಿಲ ಇರೋದರಿಂದ ಅಲ್ಲಿ ಇನ್ನೂ ನಕ್ಷತ್ರ ಹುಟ್ತಾ ಇವೆ ಅಂತ ಕಲ್ಲು ಅವರು ಹೇಳಿದ್ರು. ಹೊರಗಿನ ಹತ್ತಿ ಬಂದ ಮೇಲೆ ಮುಚ್ಚಿದ ಮಿಲ್ಲಿನಲ್ಲಿ ನಾಲ್ಕು ಕದಿರು ತಿರುಗ್ತಾ ಇವೆ. ಅದನ್ನ ನೋಡ್ತಾ ಇದ್ದೆ.

ಹರಿಹರದ ಅಕ್ಕ
ಮೇ 17, ಮಧ್ಯಾಹ್ನ 3:10

ಮಗಳು ಬೆಳಿಗ್ಗೆಯಿಂದ ಕೇಳ್ತಿದ್ದಾಳೆ, ಎಂ87 ಬೆಳಕು ಹೊರಟಾಗ ಡೈನೊಸಾರ್ ಇತ್ತಾ ಅಂತ. 6.6 ಕೋಟಿ ವರ್ಷದ ಹಿಂದೇನೇ ಹೋಗಿದ್ವು ಅಂದೆ. ಬೇಜಾರು ಮಾಡ್ಕೊಂಡಳು. ಡೈನೊಸಾರ್ ಇದ್ದಾಗ ಹೊರಟ ಬೆಳಕು ಬೇಕಂತೆ, ಇನ್ನೂ ದೂರದ್ದು ಯಾವುದಾದ್ರೂ ಎಂಟಿಂಚಿಗೆ ಸಿಗುತ್ತಾ?

ದುರ್ಗದ ಕಲ್ಲು
ಮೇ 17, ಸಂಜೆ 5:35

ಸಿಗುತ್ತೆ ಅಕ್ಕ. ಕನ್ಯೆಯಿಂದ ಉತ್ತರಕ್ಕೆ ಕೋಮಾ ಗುಚ್ಛ, 30 ಕೋಟಿ ಬೆಳಕಿನ ವರ್ಷದ ಮೇಲೆ. ಅದರ ನಡುವಿನ ದೈತ್ಯ ಎನ್‌ಜಿಸಿ 4889. ಅದರೊಳಗಿನ ಕುಳಿ 2,100 ಕೋಟಿ ಸೂರ್ಯರಷ್ಟು ಅಂತ 2011ರಲ್ಲಿ ಲೆಕ್ಕ ಹಾಕಿದ್ದರು. ಆ ಬೆಳಕು ಹೊರಟಾಗ ಡೈನೊಸಾರ್ ಹೋಗಿರಲಿಲ್ಲ, ಇನ್ನೂ ಬಂದೇ ಇರಲಿಲ್ಲ. ಅವಳಿಗೆ ಹೇಳಿ ನೋಡಿ, ಸಮಾಧಾನ ಆಗ್ಬಹುದು. ತೀರಾ ಮಸುಕು, ಆಕಾಶ ಕನ್ನಡಿ ಥರ ಇರ್ಬೇಕು.

ಮಳೆಗಾಲ ಶುರುವಾಗೋ ಮುಂಚೆ ಇನ್ನೊಂದು ಸಲ ಪ್ರಯತ್ನ ಮಾಡೋಣ. ಬರೋರು ಟಾರ್ಚಿಗೆ ಕೆಂಪು ಕಾಗದ ಸುತ್ಕೊಂಡು ಬನ್ನಿ. ಮತ್ತೆ ಮಂಡಕ್ಕಿ, ಹೊಲದ ಬದುವಿಗೆ ಬಂದ ಮೇಲೆ ಬೈಕಿನ ಹೆಡ್‌ಲೈಟ್ ಆರಿಸಪ್ಪ. ಎರಡು ಸಲ ಹೇಳಿದೀನಿ.